ಬೆಟ್ಟದ ಮೇಲಿನ ನೀರು: ಬಳಸುವ ವಿಧಾನ

ಯೂಟ್ಯೂಬಿನಲ್ಲಿ ಹಿಮಾಲಯದ ನೀಲಿ ಸರೋವರಗಳನ್ನು ನೋಡಿ ನಿದ್ದೆಗೆಟ್ಟ ಬೆಂಗಳೂರಿನ ಮೂಡಲಪಾಳ್ಯದ ನಾಗರಿಕರಿಗಾಗಿ ಈ ಕೈಪಿಡಿ. ಬೆಟ್ಟ ಇರಬೇಕು, ಅದರ ಮೇಲೆ ನೀರಿರಬೇಕು, ಸಂಜೆ ಹಾಲು ಕಾಯಿಸುವ ಹೊತ್ತಿಗೆ ಮನೆಯನ್ನೂ ಸೇರಬೇಕು ಎನ್ನುವವರಿಗೆ ಇರುವುದು ಶಿವಗಂಗೆ. ನಂದಿಬೆಟ್ಟದ ಅಮೃತ ಸರೋವರ ಇಲ್ಲಿನ ನೀರಿಗಿಂತ ಎಷ್ಟೋ ದೊಡ್ಡದು, ನಿಜ. ಆದರೆ ಅಲ್ಲಿ ಬೆಟ್ಟ ಹತ್ತುವುದು ಕಾರು. ಕೀರ್ತಿ ನಿಮಗೆ ಬರುವುದಿಲ್ಲ.

ದಿನ ಗೊತ್ತುಮಾಡುವುದು

ಯುಗಾದಿ ಆಸುಪಾಸು ಒಳ್ಳೆಯದು. ಹೊಂಗೆ ಚಿಗುರಿರುತ್ತದೆ, ಮಾವು ಕಾಯಿ ಕಚ್ಚಿರುತ್ತದೆ. ವಸಂತ ಅನ್ನುವ ಹೆಸರಿಗೆ ಮರುಳಾಗಿ ಸ್ವೆಟರ್ ಹಾಕಿಕೊಳ್ಳಬೇಡಿ. ಹತ್ತು ಗಂಟೆಗೆಲ್ಲ ಬಂಡೆ ಕಾದ ಹೆಂಚಾಗಿರುತ್ತದೆ. ಮುಖ್ಯವಾಗಿ, ಬೀದಿಗೆ ಕಾವೇರಿ ನೀರು ಬಿಡುವ ದಿನ ಹೊರಡಕೂಡದು. ಸಂಪು ತುಂಬಿಸದೆ ತೀರ್ಥ ಹುಡುಕಿಕೊಂಡು ಹೋದವರಿಗೆ ಮನೆಯಲ್ಲಿ ಆಗುವ ಮಂಗಳಾರತಿ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಪ್ರಯಾಣ

ಸುಮನಹಳ್ಳಿ ದಾಟಿ ರಿಂಗ್ ರೋಡಿನಲ್ಲಿ ಗೊರಗುಂಟೆಪಾಳ್ಯಕ್ಕೆ ಬನ್ನಿ. ಅಲ್ಲಿ ತುಮಕೂರು ಕಡೆಯ ಬಸ್ಸು. ಶಿವಗಂಗೆಗೆ ಇಳಿಯಬೇಕಾದದ್ದು ದಾಬಸ್‌ಪೇಟೆಯಲ್ಲಿ. ಹತ್ತುವ ಮೊದಲೇ, ಒಂದು ಕಾಲು ನೆಲದ ಮೇಲಿರುವಾಗಲೇ, ಕಂಡಕ್ಟರನ್ನು ಕೇಳಿ: ‘ಸಾರ್, ದಾಬಸ್‌ಪೇಟೆ ಸ್ಟಾಪ್ ಇದ್ಯಾ?’ ಕೇಳದೆ ಹತ್ತಿದವರು ಫ್ಲೈಓವರ್ ಮೇಲಿಂದ ದಾಬಸ್‌ಪೇಟೆಯನ್ನು ಕಣ್ತುಂಬ ನೋಡಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ವಾಪಸಾಗುತ್ತಾರೆ. ಅದೂ ಕೆಟ್ಟ ಕಾರ್ಯಕ್ರಮವೇನಲ್ಲ.

ಶಿವಗಂಗೆ ಬೆಟ್ಟ ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ನಾಗರ ಎನ್ನುತ್ತಾರೆ. ದಾಬಸ್‌ಪೇಟೆ ಇರುವುದು ಉತ್ತರಕ್ಕೆ, ಆದ್ದರಿಂದ ಬಸ್ಸಿಳಿದವರಿಗೆ ನಾಗರ ಕಾಣಬೇಕು. ಕಾಣಲಿಲ್ಲವೆಂದು ಆಟೋದವರನ್ನು ಕೇಳಬೇಡಿ. ಅವರಿಗೆ ಕಾಣುವುದು ಗಿರಾಕಿ.

ಎಚ್ಚರಿಕೆ: ಕೋತಿಗಳು

ಇಲ್ಲಿನ ಕೋತಿಗಳಿಗೆ ಕವರಿನ ಸದ್ದು ಚೆನ್ನಾಗಿ ಗೊತ್ತು. ಚಿತ್ರಾನ್ನದ ಡಬ್ಬಿ ಚೀಲದ ತಳದಲ್ಲಿರಲಿ. ದಾರಿಯಲ್ಲಿ ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಡುವ ಅಜ್ಜಿ, ‘ಚೀಲ ಎದೆಗೆ ಅವಚ್ಕೊಳಪ್ಪ, ಫೋಟೋ ಆಮೇಲೆ ಹೊಡ್ಕೊಳೀವಂತೆ’ ಅಂದರೆ ಅದನ್ನೇ ಅಂತಿಮ ಆದೇಶವೆಂದು ತಿಳಿಯಿರಿ.

ಸರೋವರ

ಮೆಟ್ಟಿಲು ಹತ್ತುತ್ತಾ ಹೋದರೆ ಒಳಕಲ್ಲು ತೀರ್ಥ ಸಿಗುತ್ತದೆ. ನೀಲಿ ನೀರು, ಅದರಲ್ಲಿ ತಲೆಕೆಳಗಾದ ಹಿಮಶಿಖರ ಎಲ್ಲಿ ಎಂದು ಸುತ್ತಮುತ್ತ ನೋಡಬೇಡಿ. ಬಂಡೆಯಲ್ಲಿ ಮನೆಯ ಒಳಕಲ್ಲಿನಂಥದೇ ಒಂದು ಗುಂಡನೆಯ ಕುಳಿ ಇದೆಯಲ್ಲ, ಅದೇ. ಸರೋವರ ಅದರೊಳಗಿದೆ.

ಬಳಸುವ ಕ್ರಮ: ಕೈಗಡಿಯಾರ ಬಿಚ್ಚಿ. ಅಂಗಿಯ ಜೇಬಿನಿಂದ ಫೋನು, ಕನ್ನಡಕ, ಚಿಲ್ಲರೆ ತೆಗೆದು ನಂಬಿಕಸ್ಥರ ಕೈಗೆ ಕೊಡಿ. ಬಗ್ಗಿದಾಗ ಜೇಬಿನಲ್ಲಿದ್ದದ್ದೆಲ್ಲ ಗಂಗಾರ್ಪಣ. ಅಂಗಿಯ ತೋಳು ಮಡಚಿ, ಕೆನ್ನೆ ಕಲ್ಲಿಗೆ ತಾಗುವವರೆಗೂ ಬಗ್ಗಿ ಕೈ ಇಳಿಬಿಡಿ. ಮೊದಲು ತಣ್ಣನೆಯ ಗಾಳಿ, ಆಮೇಲೆ ಲೋಳೆಲೋಳೆಯಾದ ಕಲ್ಲು, ಆಮೇಲೆ ಬೆರಳ ತುದಿಗೆ ನೀರು. ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದೆ ಎಂಬುದು ನಂಬಿಕೆ. ಹಿಂದೆ ಸಾಲಿನಲ್ಲಿ ನಿಂತವರು ‘ಸಿಕ್ತಾ? ಸಿಕ್ತಾ?’ ಎಂದು ಕೇಳುವುದು ನೀರಿನ ವಿಚಾರವನ್ನಲ್ಲ, ನಿಮ್ಮ ಚಾರಿತ್ರ್ಯವನ್ನು. ಸಿಕ್ಕವರು ‘ದೇವರು ದೊಡ್ಡವನು’ ಅನ್ನುತ್ತಾರೆ, ಸಿಗದವರು ‘ಹೊಂಡ ಬಹಳ ಆಳ’ ಅನ್ನುತ್ತಾರೆ. ಉದ್ದ ತೋಳಿನವರು ಹೆಚ್ಚು ಪುಣ್ಯವಂತರಾಗಿರುವುದನ್ನು ಈ ಕೈಪಿಡಿ ಗಮನಿಸಿದೆ, ತೀರ್ಪು ಕೊಡುವುದಿಲ್ಲ.

ಕೈ ಹೊರತೆಗೆದ ಮೇಲೆ ‘ಇಷ್ಟೇನಾ?’ ಅನ್ನಿಸುವುದು ಸಹಜ. ಅನ್ನಿಸಿದವರು ಮುಂದಿನದನ್ನು ಓದಿ. ಈ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಹರಿದುಹೋಗಿ, ನಂದಿಯಿಂದ ಬರುವ ಅರ್ಕಾವತಿಯನ್ನು ತಿಪ್ಪಗೊಂಡನಹಳ್ಳಿಯಲ್ಲಿ ಸೇರುತ್ತದೆ. ಅಲ್ಲಿ 1933ರಲ್ಲಿ ಸಿದ್ಧವಾದ ಚಾಮರಾಜಸಾಗರ ದಶಕಗಟ್ಟಲೆ ನಮ್ಮ ಪಶ್ಚಿಮ ಬೆಂಗಳೂರಿನ ನಲ್ಲಿಗಳಿಗೆ ನೀರು ಕೊಟ್ಟಿತು. ಆಮೇಲೆ ನದಿಪಾತ್ರದ ಉದ್ದಕ್ಕೂ ಬೋರ್‌ವೆಲ್ಲು, ನೀಲಗಿರಿ ತೋಪು, ಒತ್ತುವರಿ. ಎರಡೂ ನದಿ ಬಡವಾದವು. ಈಗ ಸುಮಾರು 100 ಕಿ.ಮೀ. ಆಚೆಯಿಂದ, ಅರ್ಧ ಕಿ.ಮೀ. ಎತ್ತರಕ್ಕೆ, ಕರೆಂಟು ಸುಟ್ಟು ಕಾವೇರಿಯನ್ನು ಎತ್ತಿ ತರುತ್ತೇವೆ. ಈ ಬೆಟ್ಟದ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತಿತ್ತು. ಪುಣ್ಯದ ಲೆಕ್ಕ ಹಾಕುವುದೇ ಆದರೆ ಊರಿಗೆಲ್ಲ ಒಟ್ಟಿಗೆ ಹಾಕುವುದು ಒಳ್ಳೆಯದು.

ಇನ್ನೂ ಮೇಲೆ

ಕಬ್ಬಿಣದ ಕಂಬಿ ಹಿಡಿದು ಹತ್ತಿ. ಉಸಿರು ಸಾಲದಿದ್ದರೆ ‘ವ್ಯೂ ನೋಡ್ತಿದೀನಿ’ ಎಂದು ಹೇಳಿ ನಿಲ್ಲಬಹುದು, ಎಲ್ಲರೂ ಹಾಗೇ ಹೇಳುತ್ತಾರೆ. ತುದಿಯಲ್ಲಿರುವ ಕಡಿದಾದ ಅಂಚಿಗೆ ಶಾಂತಲಾ ಡ್ರಾಪ್ ಎನ್ನುತ್ತಾರೆ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದು ಶ್ರವಣಬೆಳಗೊಳದ ಶಾಸನದಲ್ಲಿದೆ. ಇಲ್ಲಿಂದ ಹಾರಿದಳು ಎಂಬುದು ಜನರ ಮಾತು. ಆ ಅಂಚಿನಲ್ಲಿ ಸೆಲ್ಫಿ ತೆಗೆದುಕೊಳ್ಳುವವರಿಗೆ ಯಾವ ಕೈಪಿಡಿಯೂ ಸಾಲದು.

ದೋಷ ಪರಿಹಾರ

ಇಳಿಯುವಾಗ ಮಂಡಿ ನಡುಗಿದರೆ: ನಡುಗಲಿ ಬಿಡಿ, ನಿಂತುಕೊಳ್ಳುತ್ತದೆ. ಮರುದಿನ ಬಚ್ಚಲಿನಲ್ಲಿ ಕೂತರೆ ಏಳಲಾಗದಿದ್ದರೆ: ಬಾಗಿಲ ಚಿಲಕ ಹಾಕಬೇಡಿ. ಪಕ್ಕದ ಮನೆಯವರು ಸರೋವರ ತೋರಿಸಿ ಎಂದರೆ: ಮಾತು ಮರೆಸಿ. ಫೋಟೋದಲ್ಲಿ ಬಂದಿರುವುದು ಕುಳಿಯೊಳಗೆ ತೋಳು ಇಳಿಬಿಟ್ಟ ನಿಮ್ಮ ಬೆನ್ನು ಮಾತ್ರ.