ಇನ್ನೊಂದೈತೆ ಕೇಳಣ್ಣ

ಯಾವ ಹಾಡು ಇಷ್ಟ ಅಂತ ಅಪ್ಪಿತಪ್ಪಿಯೂ ಅವನೆದುರು ಬಾಯಿ ಬಿಡಬಾರದು. ಬಿಟ್ಟಿರೋ, ಆ ಹಾಡು ಅವತ್ತಿಗೆ ನಿಮ್ಮ ಕೈ ಬಿಟ್ಟಂತೆಯೇ. ‘ಓ, ಅದಾ? ಅದು ಇಷ್ಟ ಆಗಿದ್ರೆ ಇನ್ನೊಂದೈತೆ ಕೇಳಣ್ಣ’ ಎನ್ನುತ್ತಾ ಜೇಬಿಗೆ ಕೈ ಹಾಕುತ್ತಾನೆ. ಬೇರೆಯವರು ಜೇಬಿಗೆ ಕೈ ಹಾಕಿದರೆ ಕಾಫಿ ದುಡ್ಡಾದರೂ ಆಚೆ ಬರುತ್ತದೆ. ಇವನದರಲ್ಲಿ ಇಯರ್‌ಫೋನ್ ಬರುತ್ತದೆ. ಅದರ ಒಂದು ತುದಿ ಆಗಲೇ ಅವನ ಕಿವಿಯಲ್ಲಿರುತ್ತದೆ, ಇನ್ನೊಂದನ್ನು ಅಂಗಿಗೆ ಒರೆಸಿ ನಿಮಗೆ ಕೊಡುತ್ತಾನೆ. ಅದು ಅವನ ಮರ್ಯಾದೆ.

ನಮ್ಮ ಸೀಮೆಯಲ್ಲಿ ಇವನ ಸಂತತಿ ಹೆಚ್ಚುತ್ತಿದೆ. ನಾನು ಬಲ್ಲ ಒಬ್ಬನಿಗಂತೂ ‘ಇನ್ನೊಂದೈತೆ’ ಎಂಬುದೇ ಹೆಸರಾಗಿಹೋಗಿದೆ. ಹುಟ್ಟಿದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಅಜ್ಜಿ ಮನೆ ಚಿಂತಾಮಣಿ ಕಡೆ, ಅಕ್ಕನನ್ನು ಕೊಟ್ಟಿರುವುದು ಗೌರಿಬಿದನೂರಿಗೆ, ಬೆಂಗಳೂರಿನ ಕೆಲಸಕ್ಕೆ ದಿನಾ ಬಸ್ಸು ಬದಲಾಯಿಸುವುದು ಚಿಕ್ಕಬಳ್ಳಾಪುರದಲ್ಲಿ. 2007ರಲ್ಲಿ ಕೋಲಾರದಿಂದ ಬೇರೆ ಮನೆ ಮಾಡಿದ ಈ ಜಿಲ್ಲೆಯಲ್ಲಿ ಅವನ ಶಿಫಾರಸಿಗೆ ಸಿಗದೆ ಉಳಿದವರೆಂದರೆ ಬಾಗೇಪಲ್ಲಿ, ಗುಡಿಬಂಡೆಯವರು. ಅಲ್ಲಿ ಅವನಿಗೆ ಸದ್ಯಕ್ಕೆ ನೆಂಟರಿಲ್ಲ.

ಆಳನ್ನು ಗುರುತಿಸುವುದು ಸುಲಭ. ಏಪ್ರಿಲ್ ಬಿಸಿಲಿನಲ್ಲೂ ಮೊಣಕೈವರೆಗೆ ಮಡಿಸಿದ ದಪ್ಪ ಚೌಕಳಿ ಅಂಗಿ. ಗಡ್ಡವನ್ನು ಬೆಳೆಸಿದ್ದಾನೋ ಬೆಳೆಯಲು ಬಿಟ್ಟಿದ್ದಾನೋ ಹೇಳಲಾಗದು. ಮನೆಯಲ್ಲಿ ಒಂದು ಯುಕುಲೇಲೆ ಇದೆ. ಗೌರಿಬಿದನೂರಿನ ಅಕ್ಕನ ಮಗು ಅದನ್ನು ಗಿಟಾರಿನ ಮರಿ ಎಂದು ತಿಳಿದು, ‘ಮಾವಾ, ಇದು ಯಾವಾಗ ದೊಡ್ಡದಾಗುತ್ತೆ?’ ಎಂದು ಪ್ರತಿ ಹಬ್ಬಕ್ಕೂ ವಿಚಾರಿಸುತ್ತದೆ.

ನಾನು ಅವನ ಬಲೆಗೆ ಬಿದ್ದದ್ದು ಶರೀಫರ ದೆಸೆಯಿಂದ. ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳೆಂದರೆ ನನಗೆ ಪ್ರಾಣ ಅಂದೆ. 1990ರಲ್ಲಿ ಬಂದ ನಾಗಾಭರಣರ ಸಿನಿಮಾ ನೋಡಿದ ಮೇಲೆ ನಮ್ಮ ತಲೆಮಾರಿನವರಿಗೆಲ್ಲ ಹತ್ತಿದ ಗುಂಗು ಅದು, ಹೊಸದೇನಲ್ಲ. ಅವನು ಕಣ್ಣರಳಿಸಿದ. ‘ಅಶ್ವತ್ಥ್ ಇಷ್ಟನಾ? ಅಂಗಾದ್ರೆ ರಘು ದೀಕ್ಷಿತ್ ಕೇಳು. ಅದೇ ಶರೀಫಜ್ಜ, ಗಿಟಾರ್ ಮೇಲೆ.’ ಕೇಳಿದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಚೆನ್ನಾಗಿದೆ ಅಂತ ತಲೆಯಾಡಿಸುವಷ್ಟರಲ್ಲಿ ಹಾಡು ನಿಂತಿತ್ತು. ‘ಇದು ಇಷ್ಟ ಆಯ್ತಲ್ಲ, ಅಂಗಾದ್ರೆ ಸ್ವರಾತ್ಮ ಕೇಳು. ಅವರದು ಇನ್ನೂ ಬೇರೆ ಲೆವೆಲ್ಲು.’ ಆ ಸ್ವರಾತ್ಮದಲ್ಲಿ ಹಾಡುವ ವಾಸು ದೀಕ್ಷಿತ್ ಯಾರಪ್ಪ ಅಂದರೆ ರಘು ದೀಕ್ಷಿತರ ತಮ್ಮ! ಅಣ್ಣನನ್ನು ಮೆಚ್ಚಿದವರಿಗೆ ತಮ್ಮನನ್ನು ತೋರಿಸಲು ಇಷ್ಟೊಂದು ಸಂಶೋಧನೆ ಬೇಕಿತ್ತೇ? ಈ ಕೆಲಸವನ್ನು ನಮ್ಮೂರಿನ ಯಾವ ಮುದುಕಿಯಾದರೂ ಜಗಲಿ ಮೇಲೆ ಕೂತೇ ಮಾಡುತ್ತಾಳೆ.

ಅಲ್ಲಿಂದ ಮುಂದೆ ಅವನಿಗೆ ಬ್ರೇಕ್ ಇಲ್ಲ. ಸ್ವರಾತ್ಮದಿಂದ ದೆಹಲಿಯ ಇಂಡಿಯನ್ ಓಷನ್, ಅಲ್ಲಿಂದ ಕೇರಳದ ಅವಿಯಲ್, ಅವಿಯಲ್ ಬಾಯಿಗೆ ಹತ್ತುವ ಮೊದಲೇ ಲಂಡನ್ನಿನ ಮಮ್‌ಫೋರ್ಡ್ ಅಂಡ್ ಸನ್ಸ್. ಆ ಮಮ್‌ಫೋರ್ಡ್‌ನವರು ಲಾರಾ ಮಾರ್ಲಿಂಗ್ ಜೊತೆ ಸೇರಿ 2010ರಲ್ಲಿ ನಮ್ಮ ರಾಜಸ್ಥಾನದ ಧರೋಹರ್ ಕಲಾವಿದರೊಂದಿಗೆ ಹಾಡಿದ್ದನ್ನೂ ಕೇಳಿಸಿದ. ರಾಜಸ್ಥಾನದವರ ಹಾಡಿಗೆ ಲಂಡನ್ ಮೇಲಾಸಿ ಯಾಕೆ ಹೋಗಬೇಕು, ಬೆಂಗಳೂರಿಂದ ಜೋಧಪುರಕ್ಕೆ ನೇರ ರೈಲಿದೆಯಲ್ಲ ಎಂದೆ. ‘ಅಣ್ಣಾ, ನಿಂಗೆ ಜರ್ನಿ ಅರ್ಥ ಆಗಲ್ಲ’ ಅಂದ. ಚಿಕ್ಕಬಳ್ಳಾಪುರದಿಂದ ಹೆಬ್ಬಾಳದವರೆಗೆ ದಿನಾ ನಿಂತೇ ಹೋಗುವ ನನಗೆ!

ಇವನ ಜಾತಿಯವರಿಗೆಲ್ಲ ಒಂದು ಪಂಚಾಂಗ ಇರುತ್ತದೆ: ಯಾವ ಬ್ಯಾಂಡು ಯಾವತ್ತು ಕೆಟ್ಟಿತು ಎಂಬುದರದ್ದು. ಊರಿಗೆಲ್ಲ ಗೊತ್ತಾದ ದಿನವೇ ಅದು ಕೆಟ್ಟ ದಿನ. ‘ರಘು ದೀಕ್ಷಿತ್ ಸಿನಿಮಾಗೆ ಓದ್ಮೇಲೆ ಮೊದ್ಲಿನಂಗಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾನೆ. ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಸಂಗೀತ ಕೊಟ್ಟ ‘ಸೈಕೋ’ ಸಿನಿಮಾ ಬಂದದ್ದೂ 2008ರಲ್ಲೇ. ಆ ‘ಮೊದ್ಲು’ ಯಾವಾಗಿತ್ತು ಎಂದು ಕೇಳಬಾರದು. ಕೇಳಿದರೆ ಆಲ್ಬಂಗೂ ಮುಂಚೆ, ಯಾರಿಗೂ ಗೊತ್ತಿಲ್ಲದಿದ್ದಾಗ, ಬೆಂಗಳೂರಿನ ಯಾವುದೋ ಕಾಲೇಜು ಫೆಸ್ಟಿನಲ್ಲಿ ಕೇಳಿದ್ದೆ ಎನ್ನುತ್ತಾನೆ. ಲೆಕ್ಕ ಹಾಕಿದರೆ ಆಗ ಅವನು ಶಿಡ್ಲಘಟ್ಟದಲ್ಲಿ ಚಡ್ಡಿ ಹಾಕಿಕೊಂಡು ನಾಲ್ಕನೇ ಕ್ಲಾಸಿನ ಮಗ್ಗಿ ಒಪ್ಪಿಸುತ್ತಿದ್ದ.

ಎದುರಿಗೆ ಕೂತು ಹಾಡುತ್ತಿರುವವರು ಸಾಕ್ಷಾತ್ ಶರೀಫರೇ ಆದರೂ ಇವನ ಗುಣ ಬದಲಾಗುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಎರಡನೇ ನುಡಿಗೇ ತಡೆದು, ‘ಅಜ್ಜಾ, ಇದೇ ಥರ ಕಲಬುರ್ಗಿ ಕಡೆ ಕಡಕೋಳ ಮಡಿವಾಳಪ್ಪ ಅಂತ ಒಬ್ರವ್ರೆ’ ಎಂದಿರುತ್ತಿದ್ದ. ಶರೀಫಜ್ಜ 1889ರಲ್ಲೇ ತೀರಿಕೊಂಡು ಪಾರಾದರು.

ಮನೆಯಲ್ಲಿ ಅವನ ಕಥೆ ಬೇರೆ. ಅವರದು ರೇಷ್ಮೆ ಹುಳ ಸಾಕುವ ಮನೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಕಡಿಯುತ್ತದೆ. ಮನೆ ತುಂಬ ಬಿಡುವಿಲ್ಲದ ಚರಚರ ಸದ್ದು. ಒಂದು ರಾತ್ರಿ ಸೊಪ್ಪು ಹಾಕಲು ಎಬ್ಬಿಸಿದರೆ ಇವನು ಎದ್ದು ಬಂದು ಹುಳದ ತಟ್ಟೆ ಪಕ್ಕ ಮೊಬೈಲ್ ಇಟ್ಟು, ಯಾರೂ ಮಾತಾಡಬೇಡಿ ಎಂದು ಬಾಯಿ ಮೇಲೆ ಬೆರಳಿಟ್ಟ. ಆ ಸದ್ದನ್ನು ಹಿಡಿದು ಗೆಳೆಯರಿಗೆಲ್ಲ ಕಳಿಸಿ, ‘ಸಿಗುರ್ ರೋಸ್ ಇಷ್ಟ ಇದ್ರೆ ಇದು ಕೇಳಿ’ ಎಂದು ಬರೆದ. ಆಮೇಲೆ ಅಮ್ಮನಿಗೂ ವಿವರಿಸಿದ: ‘ಐಸ್‌ಲ್ಯಾಂಡ್ ಅಂತ ಒಂದು ದೇಶ ಐತಮ್ಮ. ಅಲ್ಲಿನ ಬ್ಯಾಂಡು. 2002ರಲ್ಲಿ ಅವರದೊಂದು ಆಲ್ಬಂ ಬಂತು, ಅದರ ಹೆಸರು ಬರೀ ಎರಡು ಕಂಸ. ಒಳಗಿರೋ ಹಾಡುಗಳಿಗೆ ಹೆಸರೇ ಇಲ್ಲ. ಹಾಡಿರೋ ಭಾಷೆಗೂ ಅರ್ಥ ಇಲ್ಲ.’

ಅಮ್ಮ ಸೊಪ್ಪು ಹರಡುತ್ತಲೇ ಕೇಳಿದರು: ‘ಅಯ್ಯೋ ಪಾಪ, ನಾಮಕರಣ ಮಾಡಕ್ಕೂ ಗತಿ ಇರ್ಲಿಲ್ವಾ?’

ಅಪ್ಪನಿಗೆ ಬೋನ್ ಈವೇರ್ ಬ್ಯಾಂಡಿನ ಕಥೆ ಹೇಳಿದ್ದೂ ಹೀಗೇ ಮುಗಿಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಸ್ಟಿನ್ ವರ್ನನ್ ಎಂಬಾತ ಕಾಡಿನೊಳಗೆ ತಮ್ಮಪ್ಪನ ಮರದ ಮನೆಯಲ್ಲಿ ಇಡೀ ಚಳಿಗಾಲ ಒಬ್ಬನೇ ಕೂತು ಹಾಡು ಕಟ್ಟಿದ, ಅದೇ ಲೋಕಪ್ರಸಿದ್ಧವಾಯಿತು ಎಂಬುದು ಕಥೆ. ಹೇಳುವಾಗ ಇವನ ಕಣ್ಣಲ್ಲಿ ನೀರು. ಅಪ್ಪ ಬೀಡಿ ಆರಿಸಿ, ‘ನಿಮ್ಮ ದೊಡ್ಡಪ್ಪನೂ ತೋಟದ ಮನೇಲಿ ಒಬ್ನೇ ಚಳಿಗಾಲ ಕಳ್ದವ್ನೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದ್ರೆ ಮೋಟ್ರು ಹಾಕಕ್ಕೆ. ಅವ್ನಿಗೇನು ಹಾಡು ಹುಟ್ಲಿಲ್ಲ, ಮಂಡಿನೋವು ಹುಟ್ತು’ ಅಂದರು.

ಆದರೆ ಮಗನ ರೋಗದ ಬೇರು ಹಿಡಿದವರು ಅಪ್ಪನೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನೀವು ಬೆಳಗ್ಗೆ ಹೋಗಿ ನೋಡಬೇಕು. ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತದೆ, ಸರಿ. ಆದರೆ ಗೂಡು ಕೊಂಡು ನೂಲು ತೆಗೆಯುವ ರೀಲರ್ ಆದವನು ಬಿಡ್ ಒತ್ತುವ ಮೊದಲು ಗೂಡಿನ ರಾಶಿಯೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಮೇಲೆತ್ತಿ, ಕಿವಿ ಹತ್ತಿರ ಒಂದು ಗೂಡು ಅಲ್ಲಾಡಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾನೆ. ‘ಮೇಲ್ಗಡೆ ನಾಲ್ಕು ಗೂಡು ನೋಡಿ ರೇಟ್ ಕಟ್ಟೋನು ದೀಪಾವಳಿ ಹೊತ್ಗೆ ಮುಳುಗೋಗ್ತಾನೆ. ನೀನು ಹಾಡು ಕೇಳೋದೂ ಅಂಗೇ’ ಎಂದರು ಅಪ್ಪ.

ನಿಜ. ‘ಇನ್ನೊಂದೈತೆ’ ಯಾವ ಹಾಡನ್ನೂ ಪೂರ್ತಿ ಕೇಳುವವನಲ್ಲ. ಪಲ್ಲವಿ ಮುಗಿದು ಚರಣದ ಬಾಗಿಲು ತೆರೆಯುವಷ್ಟರಲ್ಲಿ ಅವನ ಹೆಬ್ಬೆರಳು ತುರಿಸುತ್ತದೆ. ಕೇಳಿಸುವಾಗ ಅವನ ಕಿವಿ ಹಾಡಿನ ಮೇಲೆ ಇರುವುದೇ ಇಲ್ಲ, ಕಣ್ಣು ನಿಮ್ಮ ಮುಖದ ಮೇಲಿರುತ್ತದೆ. ನಿಮ್ಮ ಹುಬ್ಬು ಮೇಲೇರಿತೋ, ಅವನ ಕೆಲಸ ಆಯಿತು, ಮುಂದಿನದು. ಏರಲಿಲ್ಲವೋ, ‘ತಡಿ, ಈಗ ಬತ್ತೈತೆ ನೋಡು’ ಎಂದು ಭುಜ ಹಿಡಿಯುತ್ತಾನೆ. ಆ ಒತ್ತಾಯಕ್ಕೆ ನಾವೂ ಹುಬ್ಬೇರಿಸುವುದನ್ನು ಕಲಿತಿದ್ದೇವೆ. ರೈಲಿನಲ್ಲಿ ಅವನ ಪಕ್ಕ ಸೀಟು ಸಿಕ್ಕಿದವರಂತೂ ಶಿಡ್ಲಘಟ್ಟದಲ್ಲಿ ಏರಿಸಿದ ಹುಬ್ಬನ್ನು ಚಿಂತಾಮಣಿಯಲ್ಲೇ ಇಳಿಸುವುದು.

ಈ ಚಾಳಿ ಹಾಡಿಗಷ್ಟೇ ನಿಂತಿದ್ದರೆ ಸಹಿಸಬಹುದಿತ್ತು. ಗೌರಿಬಿದನೂರಿನ ಭಾವ ಒಂದು ಭಾನುವಾರ ಅಭಿಮಾನದಿಂದ, ನಮ್ಮ ಊರ ಹತ್ತಿರ ಒಂದು ರೇಡಿಯೊ ದೂರದರ್ಶಕ ಇದೆ, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾ ನೆಟ್ಟು 1976ರಲ್ಲಿ ಕಟ್ಟಿದ್ದು, ಆಕಾಶದಿಂದ ಬರುವ ತರಂಗಗಳನ್ನು ಹಿಡಿಯುತ್ತದೆ ಎಂದು ಹೇಳುತ್ತಿದ್ದರು. ‘ಇದು ಇಷ್ಟನಾ ಭಾವಾ? ಅಂಗಾದ್ರೆ ಊಟೀಲಿ ಒಂದೈತೆ. ಪುಣೆ ಹತ್ರ ನಾರಾಯಣಗಾಂವ್ ಕಡೆ ಇನ್ನೂ ದೊಡ್ಡದೈತೆ.’ ಭಾವ ಅವತ್ತಿನಿಂದ ಅವನೆದುರು ಊರಿನ ವಿಚಾರ ಎತ್ತಿಲ್ಲ. ವಿದುರಾಶ್ವತ್ಥದ ಗೋಲಿಬಾರ್ ಬಗ್ಗೆ ಹೇಳಿದರೆ ಜಲಿಯನ್‌ವಾಲಾ ಬಾಗ್ ಶಿಫಾರಸು ಮಾಡಿಯಾನು ಎಂಬ ಭಯ.

ಇಷ್ಟೆಲ್ಲ ತಿರುಗುವವನಿಗೆ ಸ್ವಂತ ತಾಲ್ಲೂಕು ಬಲು ತಡವಾಗಿ ಕಂಡಿತು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಬೆಳಗಾಗುವುದರೊಳಗೆ ಇವನ ವಾಟ್ಸ್‌ಆಪ್ ಸ್ಟೇಟಸ್ಸಿನಲ್ಲಿ ಫೋಟೊ, ಕೆಳಗೆ ‘ನಾನು ಯಾವತ್ತೋ ಹೇಳಿದ್ದೆ’. ಯಾರಿಗೆ ಹೇಳಿದ್ದ ಎಂದು ನಾವು ನಾವೇ ವಿಚಾರಿಸಿಕೊಂಡೆವು. ಯಾರಿಗೂ ಹೇಳಿರಲಿಲ್ಲ.

ಅವನಿಗೆ ಒಗ್ಗದ ಜಾಗಗಳೂ ನಮ್ಮಲ್ಲಿವೆ. ಕೈವಾರದಲ್ಲಿ ಗುರುಪೂರ್ಣಿಮೆ ಬಂದರೆ ಯೋಗಿ ತಾತಯ್ಯನವರ ಸನ್ನಿಧಿಯಲ್ಲಿ 72 ಗಂಟೆ ಎಡೆಬಿಡದ ಸಂಗೀತ. ತೆಲುಗೂ ಬಂತು, ಕನ್ನಡವೂ ಬಂತು, ನಿಲ್ಲಿಸುವ ಗುಂಡಿ ಮಾತ್ರ ಇಲ್ಲ. ಅಜ್ಜಿ ಒಮ್ಮೆ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದರಂತೆ. ಪಕ್ಕದ ಭಜನೆಯ ಯಜಮಾನರ ಕಡೆ ಬಾಗಿ ‘ತಾತಾ, ಇದೇ ಥರ...’ ಎಂದು ಶುರು ಮಾಡಿದ. ಅವರು ಕಣ್ಣು ತೆರೆಯದೆಯೇ ಅವನ ಕೈಗೆ ಒಂದು ಜೊತೆ ತಾಳ ಕೊಟ್ಟರು. ಎರಡೂ ಕೈಗೆ ಕೆಲಸ ಬಿದ್ದ ಮೇಲೆ ಜೇಬಿಗೆ ಹಾಕಲು ಕೈ ಎಲ್ಲಿಂದ ಬರಬೇಕು?

ಈಗ ಅವನಿಗೆ ಮದುವೆ ಮಾತು. ಮೊದಲ ಸಂಬಂಧ ಜಾತಕಕ್ಕೆ ಕೂಡಲಿಲ್ಲ. ಇವನು ಮುಖ ಬಾಡಿಸಿಕೊಂಡು ಕೂತಿದ್ದರೆ ಬ್ರೋಕರು ವೀಳ್ಯದೆಲೆಗೆ ಸುಣ್ಣ ಸವರುತ್ತಾ, ‘ಯಾಕ್ ಸಾಮಿ ಚಿಂತೆ, ಅದೇ ಥರ ಇನ್ನೊಂದೈತೆ’ ಎಂದನಂತೆ. ಹುಡುಗನಿಗೆ ಬಹಳ ಅವಮಾನವಾಯಿತು. ಮನುಷ್ಯರನ್ನು ಹಾಗೆ ಹೋಲಿಸಬಹುದೇ ಎಂದು ನನ್ನನ್ನೇ ಕೇಳಿದ. ನಾನು ಹುಬ್ಬೇರಿಸಿದೆ. ಅಭ್ಯಾಸಬಲ.

ಆ ಇನ್ನೊಂದು ಸಂಬಂಧ ಚಿಂತಾಮಣಿಯದು. ಹುಡುಗಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ದೊಡ್ಡವರು ಉಪ್ಪಿಟ್ಟು ಮುಗಿಸುವ ತನಕ ಇಬ್ಬರೂ ಮಾತಾಡಿಕೊಳ್ಳಲಿ ಎಂದು ಮಹಡಿಗೆ ಕಳಿಸಿದರು. ಏನು ಇಷ್ಟ ಎಂದು ಇವನು ಕೇಳಿದ, ಅವಳು ‘ಮುಂಗಾರು ಮಳೆ’ ಹಾಡುಗಳು ಅಂದಳು. ಇವನ ಕೈ ಜೇಬಿಗಿಳಿಯಿತು. ಫ್ಲೀಟ್ ಫಾಕ್ಸಸ್ ಬ್ಯಾಂಡಿನ ಹಾಡೊಂದು ಹಾಕಿದ. ಒಂದು ನಿಮಿಷಕ್ಕೆ ಹೆಬ್ಬೆರಳು ಎತ್ತಿದ್ದೇ ತಡ, ‘ಇರಿ, ಮುಗೀಲಿ’ ಎಂದಳಂತೆ. ಮುಗಿಯುವ ತನಕ ಕೂತರು. ಆ ಹಾಡಿನ ಕೊನೆಯ ಭಾಗವನ್ನು ಇವನು ಅವತ್ತೇ ಮೊದಲು ಕೇಳಿದ್ದು. ನಡುವೆ ಧಾಟಿ ಪೂರ್ತಿ ಬದಲಾದಾಗ ಬೇರೆ ಹಾಡು ಬಂತೆಂದು ಗಾಬರಿಯಾಗಿ ಮೊಬೈಲ್ ತೆಗೆದು ನೋಡಿದನಂತೆ. ಅವಳು ಅದನ್ನೂ ನೋಡಿದಳು. ಮಕ್ಕಳು ಹಿಂದಿನ ಬೆಂಚಿನಲ್ಲಿ ಉತ್ತರ ಕದಿಯುವುದನ್ನು ಹಿಡಿಯುವ ಕಣ್ಣದು.

ಆಷಾಢ ಕಳೆಯಲಿ, ಆಮೇಲೆ ಹೇಳುತ್ತೇವೆ ಎಂದಿದ್ದಾರೆ ಹುಡುಗಿಯ ಕಡೆಯವರು. ಅಷ್ಟರೊಳಗೆ ಅವಳೇ ಇವನಿಗೊಂದು ಶಿಫಾರಸು ಕಳಿಸಿದ್ದಾಳೆ: ಗಿರಿಜಾ ಕಲ್ಯಾಣ ಹರಿಕಥೆ, ಮೂರು ಗಂಟೆಯದ್ದು. ‘ಪೂರ್ತಿ ಕೇಳಿ, ಆಮೇಲೆ ಫೋನ್ ಮಾಡಿ. ಪ್ರಶ್ನೆ ಕೇಳ್ತೀನಿ.’ ಇವನು ದಿನಾ ಬಸ್ಸಿನಲ್ಲಿ ಕೇಳುತ್ತಿದ್ದಾನೆ. ಮನ್ಮಥ ಸುಟ್ಟುಹೋಗುವ ತನಕ ಬಂದು ಅಲ್ಲೇ ನಿಂತಿದ್ದಾನೆ, ದೇವನಹಳ್ಳಿ ಬರುವಷ್ಟರಲ್ಲಿ ನಿದ್ದೆ ಹತ್ತುತ್ತದಂತೆ. ಮೊನ್ನೆ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸದ ಹಾಗೆ ಕೇಳಿದ:

‘ಅಣ್ಣಾ, ಕೊನೇಲಿ ಕಲ್ಯಾಣ ಆಗ್ತದಾ, ಇಲ್ವಾ?’