ಟಾಮಿಯ ಫೈಲು

ನಮ್ಮ ಬೀದಿಯಲ್ಲಿ ನಾಯಿ ಸಾಕಿದವರೆಲ್ಲ ಅರ್ಧ ಡಾಕ್ಟರು, ಸಾಕದವರು ಪೂರ್ತಿ ಡಾಕ್ಟರು. ಟಾಮಿ ಒಂದು ಹೊತ್ತು ಊಟ ಬಿಟ್ಟರೆ ಸಾಕು, ಎದುರು ಮನೆಯ ಅಜ್ಜಿ ಅರಿಶಿನದ ಮಜ್ಜಿಗೆ ಅನ್ನುತ್ತಾರೆ, ಹಾಲಿನವನು "ಹುಳ ಸಾರ್ ಅದು" ಎಂದು ಗೇಟಿನಿಂದಲೇ ತೀರ್ಪು ಕೊಡುತ್ತಾನೆ. ಮೂಲೆ ಮನೆಯ ನಿವೃತ್ತ ಮೇಷ್ಟ್ರದು ಎಲ್ಲ ಕಾಯಿಲೆಗೂ ಒಂದೇ ಮದ್ದು, ಅರ್ಧ ಜ್ವರದ ಮಾತ್ರೆ. ಈ ಪುಕ್ಕಟೆ ವೈದ್ಯವೇ ಎಲ್ಲಕ್ಕಿಂತ ದುಬಾರಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವೇ ಸರಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಎಬ್ಬಿಸಿ ಕಿಡ್ನಿಗೂ ಕೈ ಹಾಕುತ್ತದೆ. ಮಾತ್ರೆಯಲ್ಲಿ ಶುರುವಾದ ಉಳಿತಾಯ ಡ್ರಿಪ್ಪಿನ ಬಾಟಲಿಯಲ್ಲಿ ಹೋಗಿ ನಿಲ್ಲುತ್ತದೆ.

ಹಾಗೆಂದು ಏಸಿ ಕ್ಲಿನಿಕ್ಕಿಗೆ ಹೋದರೆ ಅಲ್ಲಿಯ ಹುಡುಗಿ ನನ್ನನ್ನು "ಟಾಮಿ ಡ್ಯಾಡಿ, ಬನ್ನಿ" ಎಂದು ಕರೆಯುತ್ತಾಳೆ. ಸ್ವಂತ ಮಗ ಒಮ್ಮೆಯೂ ಇಷ್ಟು ಅಕ್ಕರೆಯಿಂದ ಕರೆದವನಲ್ಲ. ಹಾಗೆ ಕರೆಸಿಕೊಂಡ ಮೇಲೆ ಬಿಲ್ಲಿನಲ್ಲಿ ಚೌಕಾಸಿಗೆ ಬಾಯಿ ಬರುವುದಾದರೂ ಹೇಗೆ? ನನ್ನ ಬಿಪಿ ಚೀಟಿ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿದೆ, ಟಾಮಿಗೆ ಮಾತ್ರ ಪ್ಲಾಸ್ಟಿಕ್ ಕವರಿನ ಫೈಲು!

"ರೀ, ಸರ್ಕಾರಿ ಪಶು ಆಸ್ಪತ್ರೆಗೆ ಏನಾಗಿದೆ?" ಎಂದಳು ಹೆಂಡತಿ. ಏನೂ ಆಗಿರಲಿಲ್ಲ. ಅಲ್ಲಿ ಜಾತಿನಾಯಿಗೂ ಬೀದಿನಾಯಿಗೂ ಒಂದೇ ಚೀಟಿ, ಒಂದೇ ಸಾಲು. ನಮ್ಮ ಮುಂದೆ ಹೊಟ್ಟೆಯುಬ್ಬರದ ಮೇಕೆ, ಅದರ ಮುಂದೆ ಬುಟ್ಟಿಯಲ್ಲಿ ಕೋಳಿ ಹಿಡಿದ ಹೆಂಗಸು. ಬೀದಿಯಲ್ಲಿ ಬುಲ್ಡೋಜರಿಗೂ ಬೊಗಳುವ ಟಾಮಿ ಆ ಮೇಕೆಯನ್ನು ಕಂಡವನೇ ಬೆಂಚಿನಡಿ ಸೇರಿದ. ಹಸುವಿನ ಗಬ್ಬ ನೋಡಿ, ತೋಳುದ್ದದ ಗ್ಲೌಸನ್ನು ಆಗಷ್ಟೇ ಕಳಚಿ ಬಂದ ಡಾಕ್ಟರು ಅವನನ್ನು ಎಳೆದು, ತುಟಿ ಎತ್ತಿ ಒಸಡಿನ ಬಣ್ಣ ನೋಡಿದರು, ಕಿವಿ ಮಗುಚಿದರು. ಒಳಗೆ ಹೆಸರುಕಾಳಿನಂಥ ಒಂದು ಉಣ್ಣಿ, ನೆಮ್ಮದಿಯಾಗಿ ಕೂತಿತ್ತು.

"ದುಡ್ಡು ಉಳಿಸ್ಬೇಕಾ? ದಿನಾ ಕಿವಿ ಒಳಗೆ, ಬೆರಳ ಸಂದೀಲಿ ನೋಡಿ ಇದನ್ನ ಕಿತ್ತಾಕಿ" ಎಂದರು. ಉಣ್ಣಿ ಕಚ್ಚಿ ಎರ್ಲಿಕಿಯಾನೋ ಬೇಬಿಸಿಯಾನೋ ರಕ್ತಕ್ಕಿಳಿದರೆ ಟೆಸ್ಟು, ಇಂಜೆಕ್ಷನ್ನು, ವಾರಗಟ್ಟಲೆ ಮಾತ್ರೆ. ಮರಿಗೆ ಪಾರ್ವೊ ಲಸಿಕೆ ತಪ್ಪಿಸಿದವರ ಕಥೆಯೂ ಇದೇ: ಉಳಿದದ್ದು ಸೂಜಿಯ ದುಡ್ಡು, ಹೋದದ್ದು ದಿನಗಟ್ಟಲೆ ಡ್ರಿಪ್ಪಿನದು, ಎಷ್ಟೋ ಸಲ ಮರಿಯೂ.

ರೇಬಿಸ್ ಲಸಿಕೆಗಂತೂ ನನ್ನ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 28ಕ್ಕೆ ಗೌರಿ ಹಬ್ಬಕ್ಕಿಂತ ದಪ್ಪ ಗುರುತು. ಮೊದಲ ರೇಬಿಸ್ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ ಅದು. ವಿಶ್ವ ರೇಬಿಸ್ ದಿನವೆಂದು ಆಸುಪಾಸಿನಲ್ಲಿ ಎಷ್ಟೋ ಕಡೆ ಉಚಿತ ಶಿಬಿರ ನಡೆಯುತ್ತದೆ. ಪುಣ್ಯತಿಥಿಗೆ ವಡೆ-ಪಾಯಸದ ಬದಲು ಸೂಜಿ ಬಡಿಸುವುದು ಇಲ್ಲಿ ಮಾತ್ರ.

ಟಾಮಿಗೆ ಬರೆದದ್ದು ಡಾಕ್ಸಿಸೈಕ್ಲಿನ್. ಮನುಷ್ಯರೂ ನುಂಗುವ ಮಾತ್ರೆ. ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆಸಿಕೊಂಡು ಜನೌಷಧಿ ಅಂಗಡಿಗೆ ಹೋದೆ.

"ಪೇಷೆಂಟ್ ಹೆಸರು?"

"ಟಾಮಿ."

"ವಯಸ್ಸು?"

"ಐದು."

ಕೌಂಟರಿನ ಹುಡುಗಿ ಪೆನ್ನು ಕೆಳಗಿಟ್ಟಳು. "ಎಂಟು ವರ್ಷದ ಒಳಗಿನ ಮಕ್ಕಳಿಗೆ ಇದನ್ನ ಸಾಮಾನ್ಯವಾಗಿ ಕೊಡಲ್ಲ ಸಾರ್. ತೂಕ ಎಷ್ಟಿದಾನೆ?"

"ಮೂವತ್ತೆರಡು ಕೆಜಿ."

ಹಿಂದೆ ನಿಂತಿದ್ದ ಹೆಂಗಸು ಲೊಚಗುಟ್ಟಿದಳು. "ಮಕ್ಕಳನ್ನ ಹಂಗೆ ಬೆಳೆಸಬಾರದು ಕಣ್ರೀ. ಬಿಸ್ಕತ್ತು ಕೊಡೋದು ಮೊದಲು ನಿಲ್ಲಿಸಿ."

"ನಾಯಿ ಕಣಮ್ಮ" ಎಂದೆ. ಹುಡುಗಿ ಚೀಟಿ ತಿರುಗಿಸಿ ಪಶು ಆಸ್ಪತ್ರೆಯ ಸೀಲು ನೋಡಿದಳು, ನಗು ತಡೆದುಕೊಂಡು ಪಟ್ಟಿ ಕತ್ತರಿಸಿ ಕೊಟ್ಟಳು.

"ಅವನಿಗೂ ಊಟ ಆದ್ಮೇಲೇ ಕೊಡಿ ಸಾರ್."