ಬೈನಾಕ್ಯುಲರ್ ಕೊಂಡವನ ಬವಣೆ

ಬೈನಾಕ್ಯುಲರ್ ಕೊಂಡ ಮೇಲೆ ಸುಮ್ಮನೆ ಕೂರಲಾದೀತೇ? ಎದುರುಮನೆಯ ಕಡೆ ತಿರುಗಿಸಿದರೆ ಮಾನ ಹೋಗುತ್ತದೆ. ಹಾಗಾಗಿ ಸಂಸಾರ ಸಮೇತ ರಂಗನತಿಟ್ಟಿಗೆ ಹೊರಟೆ.

ದೋಣಿ ಹತ್ತಿದ್ದೇ ತಡ, ನನ್ನ ಪಾಂಡಿತ್ಯ ಹರಿಯತೊಡಗಿತು. "ಕಾವೇರಿಗೆ ಹಿಂದಿನ ಅರಸರು ಅಡ್ಡಗಟ್ಟೆ ಕಟ್ಟಿದ್ದರಿಂದ ಈ ನಡುಗಡ್ಡೆಗಳಾದವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಮಹಾರಾಜರು ಪಕ್ಷಿಧಾಮ ಮಾಡಿದರು..."

"ರೀ, ಕೊಕ್ಕರೆ ನೋಡ್ರೀ. ಚರಿತ್ರೆ ಮನೇಲಿ ಹೇಳೋರಂತೆ" ಎಂದಳು ಮಡದಿ.

ನೋಡಿದೆ. ಕಂಡದ್ದು ಬರೀ ಕಾರ್ಗತ್ತಲು. ಅಷ್ಟರಲ್ಲಿ ಮಗಳು ಬರಿಗಣ್ಣಲ್ಲೇ ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ರೆಕ್ಕೆ ಒಣಹಾಕಿ ನಿಂತ ನೀರುಕಾಗೆ ಎಲ್ಲ ನೋಡಿ ಮುಗಿಸಿದ್ದಳು. ಬಾಯ್ಕಳಕ ಕೊಕ್ಕರೆಯೊಂದು ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿದಿತ್ತು. "ಥೇಟ್ ಅಪ್ಪನ ಹಾಗೇ, ಬಾಯಿ ಪೂರ್ತಿ ಮುಚ್ಚೋದೇ ಇಲ್ಲ!" ಎಂದಳು.

ಮಾತು ಮರೆಸಲು ಕೈಚಾಚಿ, "ಅಲ್ನೋಡು, ಎಂಥ ಚೆಂದದ ಬಂಡೆ!" ಎಂದೆ. ಬಂಡೆ ಬಾಯಿ ತೆರೆಯಿತು. ಮೊಸಳೆ! ದಡ ಮುಟ್ಟುವವರೆಗೂ ನಾನು ತುಟಿ ಬಿಚ್ಚಲಿಲ್ಲ.

ನೀವೂ ಒಮ್ಮೆ ಹೋಗಿಬನ್ನಿ. ಕೈ ದೋಣಿಯೊಳಗಿರಲಿ, ಬಾಯಿ ಮುಚ್ಚಿರಲಿ. ಬೈನಾಕ್ಯುಲರಿನ ಮುಚ್ಚಳ ಮಾತ್ರ ದಯವಿಟ್ಟು ತೆಗೆದಿರಲಿ.